ಕಾಲಮ್ಮಿನಿಂದ ಏನು ಇಳಿಯುತ್ತಿದೆ? ಕ್ಲೀನಪ್‌ ಮೇಲೆ ನಿಗಾ ಇಡುವ ದಾರಿಗಳಲ್ಲಿ ನಿಮ್ಮದು ಯಾವುದು

ದ್ರಾವಕದಿಂದ ತೆಗೆದ ಮಣ್ಣಿನ ಸಾರವನ್ನು, ಕೆರೆಯ ಹೂಳಿನ ಸಾರವನ್ನು ನೇರವಾಗಿ ಜಿಸಿಗೆ (ಸಂಯುಕ್ತಗಳನ್ನು ಆವಿಯಾಗಿಸಿ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ) ಹಾಕಬಾರದು ಎಂದು ಪ್ರಯೋಗಾಲಯಕ್ಕೆ ಬಂದ ಮೊದಲ ವಾರವೇ ಎಲ್ಲರಿಗೂ ಹೇಳಿಕೊಡುತ್ತಾರೆ. ಕೊಬ್ಬು, ಮೇಣ, ಎಲೆಯ ಬಣ್ಣ, ಗಂಧಕ ಎಲ್ಲವನ್ನೂ ಹೊತ್ತ ಆ ಕಂದು ದ್ರವವನ್ನು ಸಿಲಿಕಾ ಜೆಲ್ ಅಥವಾ ಫ್ಲೋರಿಸಿಲ್ ಎಂಬ ಅಧಿಶೋಷಕ (ಸಂಯುಕ್ತಗಳನ್ನು ಮೈಗೆ ಹಿಡಿದಿಟ್ಟುಕೊಳ್ಳುವ ಪುಡಿ) ತುಂಬಿದ ಗಾಜಿನ ಕೊಳವೆಯಲ್ಲಿ, ಅಂದರೆ ಕಾಲಮ್ಮಿನಲ್ಲಿ, ದ್ರಾವಕ ಸುರಿಯುತ್ತ ಇಳಿಸಿ, ಬೇಕಾದ ಭಾಗವನ್ನು ಹಿಡಿದು, ಬೇಡದ್ದನ್ನು ಬಿಡಬೇಕು. ಇದೇ ಕ್ಲೀನಪ್. ಇಷ್ಟನ್ನು ಕಲಿಸುತ್ತಾರೆ. ಆದರೆ ಬೇಕಾದದ್ದು ನಿಜವಾಗಿ ಯಾವಾಗ ಇಳಿಯಿತು, ಬೇಡದ್ದರ ಜೊತೆ ಅದೂ ಹೋಯಿತೇ ಎಂದು ತಿಳಿಯುವ ಬಗೆಯನ್ನು ಕಲಿಸುವವರು ಕಡಿಮೆ. ಹಾಗಾಗಿಯೇ ಒಂದೇ ಪ್ರಶ್ನೆ ನನ್ನ ಬಳಿಗೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಟಿಎಲ್‌ಸಿ (ಅಧಿಶೋಷಕ ಲೇಪಿಸಿದ ಪ್ಲೇಟಿನ ಮೇಲೆ ಬೇರ್ಪಡಿಸಿ ನೋಡುವ ಪರೀಕ್ಷೆ) ಸಾಕೇ? ಯುವಿ (ನೇರಳಾತೀತ ಬೆಳಕಿನ) ಡಿಟೆಕ್ಟರ್ ಕೊಳ್ಳಬೇಕೇ? ಸರೊಗೇಟ್ (ಎಷ್ಟು ಮರಳಿ ಸಿಗುತ್ತದೆಂದು ನೋಡಲು ಮಾದರಿಗೆ ಬೆರೆಸುವ ಸಂಯುಕ್ತ) ಹಾಕಿದ ಮೇಲೆ ಇನ್ನೇನೂ ನೋಡಬೇಕಾಗಿಲ್ಲವಲ್ಲ?

ಉತ್ತರ ಕೊಡುವ ಮೊದಲು ಒಂದು ಮಳೆಗಾಲದಲ್ಲಿ ನಡೆದದ್ದನ್ನು ಹೇಳಬೇಕು. ದಕ್ಷಿಣ ಕನ್ನಡದ ಗೇರು ತೋಟಗಳಿಂದ ತಂದ ಮಣ್ಣಿನಲ್ಲಿ ಎಂಡೋಸಲ್ಫಾನ್ ಉಳಿದಿದೆಯೇ ಎಂದು ನೋಡುವ ಕೆಲಸ ಒಬ್ಬ ವಿದ್ಯಾರ್ಥಿನಿಯದಾಗಿತ್ತು. ಆ ಸೀಮೆಯಲ್ಲಿಯೂ ಗಡಿಯಾಚೆಯ ಕಾಸರಗೋಡಿನಲ್ಲಿಯೂ ಈ ಕೀಟನಾಶಕವನ್ನು ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆದದ್ದು ಎಲ್ಲರಿಗೂ ಗೊತ್ತು. ಹುಡುಗಿ ಶ್ರದ್ಧೆಯಿಂದ ಹತ್ತು ಮಾದರಿ ಮುಗಿಸಿ ಬಂದಳು. ಎಂಡೋಸಲ್ಫಾನಿನ ಎರಡು ರೂಪಗಳಲ್ಲಿ ಆಲ್ಫಾ ಇತ್ತು, ಬೀಟಾ ಲೇಶಮಾತ್ರ ಇತ್ತು, ಅವು ಮಣ್ಣಿನಲ್ಲಿ ಮಾರ್ಪಟ್ಟು ಆಗುವ ಎಂಡೋಸಲ್ಫಾನ್ ಸಲ್ಫೇಟ್ ಒಂದರಲ್ಲಿಯೂ ಇರಲಿಲ್ಲ. ಹಳೆಯ ಮಣ್ಣಿನಲ್ಲಿ ಇದು ತಲೆಕೆಳಗಾದ ಫಲಿತಾಂಶ. ಮೊದಲು ಕರಗಿ ಹೋಗುವುದು ಆಲ್ಫಾ, ಕಡೆಗೆ ಉಳಿಯುವುದು ಸಲ್ಫೇಟ್. ಕಾಲಮ್ಮಿನಿಂದ ಮೂರು ಭಾಗವಾಗಿ ಹಿಡಿಯುವ ದ್ರವದಲ್ಲಿ ಮೂರನೆಯ ಭಾಗ ಎಲ್ಲಿ ಎಂದು ಕೇಳಿದೆ. “ಸರ್, ಅದು ಕಂದಾಗಿ ಬಂತು, ಬರೀ ಕೊಳೆ ಎಂದುಕೊಂಡು ಬದಿಗಿಟ್ಟೆ” ಎಂದಳು. ಅದೃಷ್ಟಕ್ಕೆ ಚೆಲ್ಲಿರಲಿಲ್ಲ. ಫ್ಯೂಮ್ ಹುಡ್ಡಿನ ಮೂಲೆಯಲ್ಲಿದ್ದ ಆ ಬಾಟಲಿಯಲ್ಲಿದ್ದುದನ್ನು ಇಂಗಿಸಿ ಜಿಸಿಗೆ ಹಾಕಿದಾಗ ಸಲ್ಫೇಟಿನ ಪೀಕ್ (ಯಂತ್ರ ಬರೆಯುವ ಗೆರೆಯ ಏರು) ಉಳಿದೆರಡಕ್ಕಿಂತ ಎತ್ತರವಾಗಿ ಎದ್ದಿತು.

ಅವಳು ಕಾಲಮ್ಮನ್ನು ನೋಡದೆ ಇರಲಿಲ್ಲ. ಕಣ್ಣಿಟ್ಟೇ ಕೂತಿದ್ದಳು. ಆದರೆ ಅವಳ ಕಣ್ಣಿಗೆ ಕಂಡದ್ದು ಕೊಳೆ ಮಾತ್ರ. ವಿಷಕ್ಕೆ ಬಣ್ಣವಿರಲಿಲ್ಲ. ನಿಗಾ ಇಡುವ ಒಂದೊಂದು ವಿಧಾನವನ್ನೂ ನಾನು ಮೊದಲು ತೂಗುವುದು ಇದೇ ತಕ್ಕಡಿಯಲ್ಲಿ: ಇದು ತೋರಿಸುವುದು ಕೊಳೆಯನ್ನೋ, ಮಾಲಿನ್ಯಕಾರಕವನ್ನೋ?

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದದ್ದು

ಆ ಮೊದಲ ಪ್ರಶ್ನೆಯ ಬೆನ್ನಿಗೆ ಇನ್ನೂ ನಾಲ್ಕು ಬರುತ್ತವೆ. ವಿಧಾನ ಎಷ್ಟು ಸೂಕ್ಷ್ಮ? ಹತ್ತು ಗ್ರಾಂ ಮಣ್ಣಿನಲ್ಲಿ ಗ್ರಾಮಿಗೆ ಹತ್ತು ನ್ಯಾನೋಗ್ರಾಮಿನಂತೆ ಎಂಡೋಸಲ್ಫಾನ್ ಇದ್ದರೆ ಇಡೀ ಸಾರದಲ್ಲಿರುವುದು ನೂರು ನ್ಯಾನೋಗ್ರಾಂ. ನೀವು ಆರಿಸಿದ ವಿಧಾನಕ್ಕೆ ಆ ಪ್ರಮಾಣ ಕಾಣುತ್ತದೆಯೇ? ಸುದ್ದಿ ಯಾವಾಗ ಮುಟ್ಟುತ್ತದೆ, ಕಾಲಮ್ ಇನ್ನೂ ಓಡುತ್ತಿರುವಾಗಲೋ, ಎಲ್ಲ ಮುಗಿದು ಎರಡು ದಿನ ಕಳೆದ ಮೇಲೋ? ಅದಕ್ಕಾಗಿ ಮಾದರಿಯ ಎಷ್ಟು ಪಾಲು ಖರ್ಚಾಗುತ್ತದೆ? ಕೊನೆಯದು, ನಾಳೆ ಪ್ರಯೋಗಾಲಯದ ತಪಾಸಣೆಗೆ ಬಂದವರೋ ನ್ಯಾಯಾಲಯವೋ ಕೇಳಿದರೆ ಮುಂದಿಡಲು ಕಾಗದದ ಮೇಲೆ ಏನಾದರೂ ಉಳಿಯುತ್ತದೆಯೇ? ಹಣದ ಮಾತು ಈ ಐದರಲ್ಲಿಯೂ ಹಾಸುಹೊಕ್ಕಾಗಿರುವುದರಿಂದ ಅದಕ್ಕೆ ಬೇರೆ ಸ್ಥಾನ ಕೊಟ್ಟಿಲ್ಲ.

ಬರಿಗಣ್ಣು

1900ರ ದಶಕದ ಆರಂಭದಲ್ಲಿ ವಾರ್ಸಾದಲ್ಲಿ ಮಿಖಾಯಿಲ್ ತ್ಸ್ವೆತ್ ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಎಲೆಯ ಸಾರವನ್ನು ಇಳಿಸಿದಾಗ ಹಸಿರು, ಹಳದಿ ಪಟ್ಟಿಗಳು ಬೇರೆ ಬೇರೆಯಾಗಿ ನಿಂತವು. ಅವನು ಹುಡುಕುತ್ತಿದ್ದುದೇ ಬಣ್ಣವಾದ್ದರಿಂದ ಕಣ್ಣೇ ಡಿಟೆಕ್ಟರ್ ಆಯಿತು. ನಾವು ಹುಡುಕುವ ಡಿಡಿಟಿ, ಎಂಡೋಸಲ್ಫಾನ್, ಪಿಸಿಬಿ (ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಕ್ಲೋರಿನ್ ಸಂಯುಕ್ತಗಳು) ಯಾವುದಕ್ಕೂ ಬಣ್ಣವಿಲ್ಲ.

ಹಾಗೆಂದು ಕಣ್ಣನ್ನು ತಳ್ಳಿಹಾಕುವಂತಿಲ್ಲ. ಮಾಲಿನ್ಯಕಾರಕದ ವಿಚಾರದಲ್ಲಿ ಕುರುಡಾದರೂ ಕಾಲಮ್ಮಿನ ಆರೋಗ್ಯವನ್ನು ಅದರಷ್ಟು ಬೇಗ ಹೇಳುವ ಉಪಕರಣ ಇನ್ನೊಂದಿಲ್ಲ. ಸಾರವನ್ನು ಕಾಲಮ್ಮಿನ ತಲೆಗೆ ಹಾಕಿದ ಒಂದೆರಡು ನಿಮಿಷ ಚೆನ್ನಾಗಿ ನೋಡಿ. ಕಂದು-ಹಳದಿ ಬಣ್ಣ ಸೋಡಿಯಂ ಸಲ್ಫೇಟಿನ ಬಿಳಿ ಪದರದ ಕೆಳಗೆ, ಅಧಿಶೋಷಕದ ಮೇಲಂಚಿನಲ್ಲಿ ಒಂದು ಬಿಗಿ ಉಂಗುರವಾಗಿ ಕೂರಬೇಕು. ಬದಲಿಗೆ ನೀರಿಗೆ ಬಿದ್ದ ಚಹಾದಂತೆ ಕೆಳಕ್ಕೆ ಹರಡಿಕೊಂಡು ಹೋದರೆ ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ: ಸಾಕ್ಸ್‌ಲೆಟ್ಟಿನಲ್ಲಿ (ಮಣ್ಣಿನಿಂದ ಸಾರ ತೆಗೆಯುವ ಗಾಜಿನ ಉಪಕರಣದಲ್ಲಿ) ಬಳಸಿದ ಅಸಿಟೋನ್ ಪೂರ್ತಿ ಹೋಗಿಲ್ಲ, ಹೆಕ್ಸೇನಿಗೆ ಬದಲಾಯಿಸುವ ಹಂತದಲ್ಲಿ ಅವಸರ ಮಾಡಿದ್ದೀರಿ. ಆ ಕಾಲಮ್ಮಿನಲ್ಲಿ ಮುಂದೆ ಏನೇ ಮಾಡಿದರೂ ಭಾಗಗಳು ಬೇರೆಯಾಗುವುದಿಲ್ಲ. ಪಟ್ಟಿ ಓರೆಯಾಗಿ ಇಳಿದರೆ ತುಂಬಿದ್ದು ಸಮವಾಗಿಲ್ಲ. ನಡುವೆ ಬಿರುಕು ಕಂಡರೆ ಕಾಲಮ್ ಒಣಗಿದೆ. ಇವನ್ನೆಲ್ಲ ಕಂಡುಹಿಡಿಯಲು ಕಾಸು ಖರ್ಚಿಲ್ಲ, ಸುದ್ದಿಯೂ ಆ ಕ್ಷಣವೇ ಸಿಗುತ್ತದೆ.

ಹೂಳಿನ ಮಾದರಿಗಳಲ್ಲಿ ಕಣ್ಣಿಗೆ ಇನ್ನೊಂದು ಕೆಲಸವಿದೆ. ಆಮ್ಲಜನಕವಿಲ್ಲದೆ ಕಪ್ಪಾಗಿ ಕೊಳೆತ ಕೆರೆಯ ತಳದ ಹೂಳಿನಲ್ಲಿ ಗಂಧಕ ವಿಪರೀತವಾಗಿರುತ್ತದೆ. ಅದು ಕಾಲಮ್ಮಿನಲ್ಲಿ ನಮಗೆ ಬೇಕಾದ ಭಾಗದ ಜೊತೆಯೇ ಇಳಿದು ಬಂದು ಇಸಿಡಿಯಲ್ಲಿ (ಕ್ಲೋರಿನ್ ಇರುವ ಸಂಯುಕ್ತಗಳನ್ನು ಸೂಕ್ಷ್ಮವಾಗಿ ಕಾಣುವ ಜಿಸಿ ಡಿಟೆಕ್ಟರಿನಲ್ಲಿ) ದೊಡ್ಡ ಗುಡ್ಡವಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆಮ್ಲದಲ್ಲಿ ತೊಳೆದು ಹೊಳೆಯುವಂತೆ ಮಾಡಿದ ತಾಮ್ರದ ಪುಡಿಯನ್ನು ಸಾರಕ್ಕೆ ಹಾಕಿ ಅಲುಗಾಡಿಸಿ. ಕಪ್ಪಾದರೆ ಗಂಧಕವಿದೆ. ಹೊಸದಾಗಿ ಹಾಕಿದ ಪುಡಿ ಕೆಂಪಾಗಿಯೇ ಉಳಿಯುವವರೆಗೆ ಮುಂದುವರಿಸಬೇಕು. ಇಲ್ಲಿ ಕಣ್ಣಿಗಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಯುವಿ ದೀಪ

ನಿಮ್ಮ ಗುರಿ ಪಿಎಎಚ್‌ಗಳಾಗಿದ್ದರೆ, ಅಂದರೆ ಹೊಗೆ, ಡಾಂಬರು, ಡೀಸೆಲ್ಲಿನಿಂದ ಬರುವ ಬಹುಚಕ್ರ ಸಂಯುಕ್ತಗಳಾಗಿದ್ದರೆ, ಕೈಯಲ್ಲಿ ಹಿಡಿಯುವ 365 ನ್ಯಾನೋಮೀಟರ್ ದೀಪಕ್ಕೆ ಹಣ ಹಾಕಿ. ಹೆಚ್ಚು ಚಕ್ರಗಳಿರುವ ಪಿಎಎಚ್‌ಗಳಲ್ಲಿ ಹಲವು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಕೋಣೆಯ ದೀಪ ಆರಿಸಿ ಸಿಲಿಕಾ ಕಾಲಮ್ಮಿಗೆ ಹಿಡಿದರೆ ಪೆಂಟೇನ್ ಹೋಗುವಾಗ ಮೇಲೆಯೇ ನಿಂತಿರುವ ನೀಲಿ ಪಟ್ಟಿ, ಡೈಕ್ಲೋರೋಮೀಥೇನ್ ಬೆರೆಸಿದ ಪೆಂಟೇನ್ ತಲುಪುತ್ತಿದ್ದಂತೆ ಕೆಳಗೆ ನಡೆಯತೊಡಗುವುದು ಕಾಣುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 3630 ವಿಧಾನದಲ್ಲಿ ಮೊದಲ 25 ಮಿಲಿಲೀಟರ್ ಪೆಂಟೇನನ್ನು ಬಿಟ್ಟು, ಎರಡಕ್ಕೆ ಮೂರರ ಡೈಕ್ಲೋರೋಮೀಥೇನ್–ಪೆಂಟೇನ್ ಮಿಶ್ರಣದ 25 ಮಿಲಿಲೀಟರನ್ನು ಹಿಡಿಯಬೇಕು. ಆ ಅಂಕೆ ನಿಮ್ಮ ಕಾಲಮ್ಮಿಗೂ ಹೊಂದುತ್ತದೆಯೇ ಎಂಬುದನ್ನು ದೀಪ ಎದುರಿಗೇ ತೋರಿಸುತ್ತದೆ.

ಮೂರು ಎಚ್ಚರಿಕೆ. ಬೋರೋಸಿಲಿಕೇಟ್ ಗಾಜು 254 ನ್ಯಾನೋಮೀಟರ್ ಬೆಳಕನ್ನು ಬಹುತೇಕ ಒಳಗೆ ಬಿಡುವುದಿಲ್ಲ, ಆದ್ದರಿಂದ ದೀಪದಲ್ಲಿ 254ರ ಗುಂಡಿಯೂ ಇದ್ದರೆ ಅದನ್ನು ಒತ್ತಿ ಏನೂ ಕಾಣಲಿಲ್ಲವೆಂದು ಕೊರಗಬೇಡಿ. ಬೆನ್ಜೋ-ಎ-ಪೈರೀನಿನಂಥವು ಬೆಳಕಿಗೆ ಒಡೆಯುವುದರಿಂದ ದೀಪವನ್ನು ಕ್ಷಣಕಾಲ ಹಿಡಿದು ಆರಿಸಿ, ಕಾಲಮ್ಮಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಡಿ. ಕಣ್ಣಿಗೆ ಯುವಿ ತಡೆಯುವ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಡಿಡಿಟಿ, ಎಂಡೋಸಲ್ಫಾನಿನಂಥ ಆರ್ಗನೋಕ್ಲೋರಿನ್ (ಕ್ಲೋರಿನ್ ಇರುವ ಸಾವಯವ) ಕೀಟನಾಶಕಗಳು ನಿಮ್ಮ ಗುರಿಯಾಗಿದ್ದರೆ ಈ ದೀಪದಿಂದ ಪ್ರಯೋಜನವಿಲ್ಲ. ಅವು ಹೊಳೆಯುವುದಿಲ್ಲ.

ಟಿಎಲ್‌ಸಿ

ಸಾವಯವ ಸಂಶ್ಲೇಷಣೆಯ ಪ್ರಯೋಗಾಲಯದಿಂದ ಪರಿಸರ ವಿಶ್ಲೇಷಣೆಗೆ ಬಂದವರು ಮೊದಲು ಕೈ ಹಾಕುವುದು ಟಿಎಲ್‌ಸಿ ಪ್ಲೇಟಿಗೆ. ಅಲ್ಲಿ ಅದು ಕಾಮಧೇನು. ಗ್ರಾಂಗಟ್ಟಲೆ ಪದಾರ್ಥ ಇಳಿಯುವ ಕಾಲಮ್ಮಿನಿಂದ ಪ್ರತಿ ಕೊಳವೆಯ ಒಂದು ಹನಿಯನ್ನು ಚುಕ್ಕೆಯಿಟ್ಟು ಎಲ್ಲಿಂದ ಎಲ್ಲಿಯವರೆಗೆ ಸೇರಿಸಬೇಕೆಂದು ತೀರ್ಮಾನಿಸುತ್ತಾರೆ. ಅದೇ ರೂಢಿಯನ್ನು ಇಲ್ಲಿಗೂ ತಂದರೆ ಎಲ್ಲಿ ಎಡವುತ್ತದೆ ಎಂದು ಲೆಕ್ಕ ಹಾಕೋಣ. ಮೇಲೆ ಹೇಳಿದ ನೂರು ನ್ಯಾನೋಗ್ರಾಂ ಒಂದು ಮಿಲಿಲೀಟರಿನಲ್ಲಿದೆ ಎಂದಿಟ್ಟುಕೊಳ್ಳಿ. ಐದು ಮೈಕ್ರೋಲೀಟರ್ ಚುಕ್ಕೆಯಿಟ್ಟರೆ ಪ್ಲೇಟಿಗೆ ಬಿದ್ದದ್ದು ಅರ್ಧ ನ್ಯಾನೋಗ್ರಾಂ. ಸಿಲ್ವರ್ ನೈಟ್ರೇಟ್ ಸಿಂಪಡಿಸಿ ಯುವಿ ಕೆಳಗಿಟ್ಟು ಕ್ಲೋರಿನ್ ಇರುವ ಕೀಟನಾಶಕಗಳನ್ನು ಕಂದು-ಬೂದು ಚುಕ್ಕೆಯಾಗಿ ಕಾಣಬಹುದು, ನಿಜ. ಆದರೆ ಅದಕ್ಕೆ ಅರ್ಧ ನ್ಯಾನೋಗ್ರಾಂ ಸಾಲದು, ಅದರ ನೂರಾರು ಪಟ್ಟು ಬೇಕು. ಪ್ಲೇಟಿನ ಮೇಲೆ ನಿಮಗೆ ಕಾಣುವ ಚುಕ್ಕೆಗಳೆಲ್ಲ ಕೊಬ್ಬಿನವು, ಮೇಣದವು, ಕ್ಲೋರೋಫಿಲ್ಲಿನ ಚೂರಿನವು.

ಹಾಗಾದರೆ ಟಿಎಲ್‌ಸಿ ಬೇಡವೇ? ಎರಡು ಕಡೆ ಬೇಕು. ಮೊದಲನೆಯದು, ದ್ರಾವಕದ ಆಯ್ಕೆ. ಶುದ್ಧ ಸ್ಟ್ಯಾಂಡರ್ಡನ್ನು (ಹೋಲಿಕೆಗೆಂದು ಕೊಳ್ಳುವ, ಪ್ರಮಾಣ ಗೊತ್ತಿರುವ ಸಂಯುಕ್ತವನ್ನು) ಧಾರಾಳವಾಗಿ, ಮೈಕ್ರೋಗ್ರಾಂ ಮಟ್ಟದಲ್ಲಿ ಚುಕ್ಕೆಯಿಟ್ಟು ಹೆಕ್ಸೇನ್–ಈಥರಿನ ಯಾವ ಪ್ರಮಾಣದಲ್ಲಿ ಎಷ್ಟು ಎತ್ತರ ಏರುತ್ತದೆ ಎಂದು ನೋಡಿ. ಆರ್‌ಎಫ್ ಬೆಲೆಯಿಂದ (ಚುಕ್ಕೆ ಏರಿದ ಎತ್ತರವನ್ನು ದ್ರಾವಕ ಏರಿದ ಎತ್ತರದಿಂದ ಭಾಗಿಸಿದಾಗ ಸಿಗುವ ಅಂಕೆಯಿಂದ) ಒಂದನ್ನು ಭಾಗಿಸಿದರೆ ಕಾಲಮ್ಮಿನ ಎಷ್ಟು ಪಟ್ಟು ಗಾತ್ರದ ದ್ರಾವಕ ಬೇಕು ಎಂಬ ಅಂದಾಜು ಸಿಗುತ್ತದೆ. ಆರ್‌ಎಫ್ 0.25 ಇದ್ದರೆ ಸುಮಾರು ನಾಲ್ಕು ಪಟ್ಟು. ಪ್ಲೇಟೂ ಕಾಲಮ್ಮೂ ಒಂದೇ ಅಧಿಶೋಷಕದ್ದಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಸಿಲಿಕಾ ಪ್ಲೇಟ್ ನೋಡಿ ಫ್ಲೋರಿಸಿಲ್ ಕಾಲಮ್ಮಿನ ಭವಿಷ್ಯ ಹೇಳಬಾರದು. ಎರಡನೆಯದು, ಕೊಳೆ ಉಳಿದಿದೆಯೇ ಎಂಬ ಪರೀಕ್ಷೆ. ಹಿಡಿದ ಭಾಗದ ಒಂದು ಹನಿಯನ್ನು ಚುಕ್ಕೆಯಿಟ್ಟು, ಏರಿಸಿ, ಅಯೋಡಿನ್ ಹರಳು ಹಾಕಿದ ಮುಚ್ಚಿದ ಜಾಡಿಯಲ್ಲಿಡಿ. ಕೊಬ್ಬು ಇನ್ನೂ ಇದ್ದರೆ ಕಂದು ಕಲೆ ಮೂಡುತ್ತದೆ. ಆ ಸಾರವನ್ನು ಜಿಸಿಗೆ ಹಾಕುವ ಮೊದಲು ಇನ್ನೊಂದು ಕಾಲಮ್ ಬೇಕು ಎಂದರ್ಥ. ಹತ್ತು ನಿಮಿಷದ ಈ ಕೆಲಸ ಜಿಸಿಯ ಸ್ವಂತ ಕಾಲಮ್ಮನ್ನೂ ಅದರ ಬಾಯಿಯ ಗಾಜಿನ ಲೈನರನ್ನೂ ಉಳಿಸಿಕೊಡುತ್ತದೆ. ಎಂಎಸ್ಸಿ ಪ್ರಾಜೆಕ್ಟಿನ ಬಜೆಟ್ಟಿಗೆ ಇದರಷ್ಟು ಹೊಂದುವುದು ಬೇರೊಂದಿಲ್ಲ.

ಒಣಗಿಸಿ ತೂಗುವುದೂ ಇದೇ ಜಾತಿಯ ಪರೀಕ್ಷೆ. ಭಾಗದ ಒಂದು ಪಾಲನ್ನು ಪುಟ್ಟ ಅಲ್ಯೂಮಿನಿಯಂ ತಟ್ಟೆಯಲ್ಲಿ ಆರಿಸಿ ಸೂಕ್ಷ್ಮ ತಕ್ಕಡಿಯಲ್ಲಿಟ್ಟರೆ ಎಷ್ಟು ಮಿಲಿಗ್ರಾಂ ಕೊಳೆ ಉಳಿದಿದೆ ಎಂಬುದು ಅಂಕೆಯಲ್ಲಿಯೇ ಸಿಗುತ್ತದೆ. ಮೀನು, ಹಾಲು, ಎಣ್ಣೆಬೀಜದಂಥ ಕೊಬ್ಬಿನ ಮಾದರಿಗಳಿಗೆ ಇದನ್ನು ಮಾಡಿ. ಮಣ್ಣಿಗೆ ಅಷ್ಟಾಗಿ ಬೇಕಿಲ್ಲ.

ಕಾಲಮ್ಮಿನ ಬಾಯಿಗೇ ಕೂರಿಸಿದ ಡಿಟೆಕ್ಟರ್

ಪಂಪು, ಯುವಿ ಡಿಟೆಕ್ಟರ್, ಭಾಗಗಳನ್ನು ತಾನೇ ಹಿಡಿಯುವ ಯಂತ್ರ ಒಟ್ಟಿಗೆ ಬರುವ ವ್ಯವಸ್ಥೆಗೆ ಲಕ್ಷಗಟ್ಟಲೆ ಬೇಕು. ಮಾರಾಟಗಾರರು ಪರದೆಯ ಮೇಲೆ ಏರುವ ಪೀಕ್ ತೋರಿಸಿದಾಗ ಕೊಳ್ಳುವ ಆಸೆಯಾಗುವುದು ಸಹಜ. ಆದರೆ ಅವರು ತೋರಿಸಿದ ಪೀಕ್ ಯಾವುದರದ್ದು ಎಂದು ಕೇಳಿ. ಎಂಡೋಸಲ್ಫಾನಾಗಲಿ, ಎಚ್‌ಸಿಎಚ್ (ಲಿಂಡೇನ್ ಬಳಗದ ಕೀಟನಾಶಕ) ಆಗಲಿ 254 ನ್ಯಾನೋಮೀಟರಿನಲ್ಲಿ ಬೆಳಕನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಕಾಣುವುದು ಮತ್ತೆ ಕೊಳೆಯೇ. ದ್ರಾವಕದ ತೊಡಕೂ ಇದೆ. ಅಸಿಟೋನ್ ಸ್ವತಃ ಸುಮಾರು 330 ನ್ಯಾನೋಮೀಟರಿನಿಂದ ಕೆಳಗಿನ ಬೆಳಕನ್ನೆಲ್ಲ ಹೀರುತ್ತದೆ. ಅದನ್ನು ಬಳಸಿದರೆ ಡಿಟೆಕ್ಟರ್ ಕುರುಡು. ಹೆಕ್ಸೇನ್, ಡೈಕ್ಲೋರೋಮೀಥೇನ್ ಆದರೆ ಅಡ್ಡಿಯಿಲ್ಲ.

ಈ ಹಣಕ್ಕೆ ನಿಜವಾದ ಬೆಲೆ ಸಿಗುವುದು ಜಿಪಿಸಿಯಲ್ಲಿ, ಅಂದರೆ ಅಣುವಿನ ಗಾತ್ರದ ಮೇಲೆ ಬೇರ್ಪಡಿಸುವ ಕಾಲಮ್ಮಿನಲ್ಲಿ. ಅಲ್ಲಿ ಮಾದರಿ ಹಾಕುವ ಮೊದಲು ಒಂದು ಪರೀಕ್ಷಾ ಮಿಶ್ರಣ ಓಡಿಸುತ್ತಾರೆ: ಮೆಕ್ಕೆಜೋಳದ ಎಣ್ಣೆ, ಒಂದು ಥ್ಯಾಲೇಟ್, ಮೆಥಾಕ್ಸಿಕ್ಲೋರ್, ಪೆರಿಲೀನ್, ಗಂಧಕ. ದೊಡ್ಡ ಅಣುಗಳ ಎಣ್ಣೆ ಮೊದಲು ಬರುತ್ತದೆ, ಗಂಧಕ ಕಡೆಗೆ ಬರುತ್ತದೆ. ಎಣ್ಣೆ ಮುಗಿದ ಮೇಲೆ ಹಿಡಿಯಲು ಶುರುಮಾಡಿ ಗಂಧಕ ಬರುವ ಮೊದಲು ನಿಲ್ಲಿಸಬೇಕು. ಐದೂ 254ರಲ್ಲಿ ಕಾಣುತ್ತವೆ, ಪೀಕುಗಳ ಸಮಯ ಕಾಗದದ ಮೇಲೆ ಉಳಿಯುತ್ತದೆ, ಕಾಲಮ್ ಹಳೆಯದಾಗಿ ಸಮಯ ಸರಿದರೆ ಅದೂ ಗೊತ್ತಾಗುತ್ತದೆ. ವಾರಕ್ಕೆ ನೂರಾರು ಮೀನಿನ ಅಥವಾ ಹೂಳಿನ ಮಾದರಿ ಬರುವ ಪ್ರಯೋಗಾಲಯಕ್ಕೆ ಇದು ತಕ್ಕದ್ದು. ತಿಂಗಳಿಗೆ ಇಪ್ಪತ್ತು ಮಾದರಿ ಮಾಡುವವರು ಆ ಹಣದಲ್ಲಿ ಒಳ್ಳೆಯ ಸ್ಟ್ಯಾಂಡರ್ಡುಗಳನ್ನು ಕೊಳ್ಳಲಿ.

ಕತ್ತರಿಸಿ ಕತ್ತರಿಸಿ ಜಿಸಿಗೆ

ಮಾಲಿನ್ಯಕಾರಕವನ್ನೇ, ಅದರ ಹೆಸರಿನಿಂದಲೇ ಕಾಣುವ ದಾರಿ ಇದು. ನನ್ನ ಒಲವು ಇತ್ತಲೇ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಆರ್ಗನೋಕ್ಲೋರಿನ್‌ಗಳಿಗೆ ಫ್ಲೋರಿಸಿಲ್ ಕಾಲಮ್ಮಿನ ಪ್ರಸಿದ್ಧ ಕ್ರಮವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ 20 ಗ್ರಾಂ ಫ್ಲೋರಿಸಿಲ್, ಮೊದಲು ಹೆಕ್ಸೇನಿನಲ್ಲಿ ಶೇ. 6 ಈಥರ್, ಆಮೇಲೆ ಶೇ. 15, ಕೊನೆಗೆ ಶೇ. 50, ಪ್ರತಿಯೊಂದೂ 200 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಮಿಲಿಲೀಟರಿನ ವೇಗ. ಡಿಡಿಟಿ ಬಳಗ, ಎಚ್‌ಸಿಎಚ್, ಪಿಸಿಬಿ ಮೊದಲ ಭಾಗದಲ್ಲಿ ಬರುತ್ತವೆ. ಡೀಲ್ಡ್ರಿನ್, ಎಂಡ್ರಿನ್ ಎರಡನೆಯದರಲ್ಲಿ. ಎಂಡೋಸಲ್ಫಾನ್ ಮಾತ್ರ ಒಂದೇ ಮನೆಯ ಮೂವರು ಮೂರು ಬಾಗಿಲಿನಿಂದ ಹೊರಟಂತೆ. ಆಲ್ಫಾ ಮೊದಲ ಎರಡು ಭಾಗಗಳಲ್ಲಿ ಹಂಚಿಹೋಗುತ್ತದೆ, ಬೀಟಾದ ಬಹುಪಾಲು ಮೂರನೆಯದರಲ್ಲಿ, ಸಲ್ಫೇಟ್ ಪೂರ್ತಿ ಮೂರನೆಯದರಲ್ಲಿ. ನಮ್ಮ ವಿದ್ಯಾರ್ಥಿನಿ ಕಂದು ಬಣ್ಣ ಕಂಡು ಬಿಟ್ಟದ್ದು ಆ ಮೂರನೆಯ ಬಾಗಿಲನ್ನು.

ಈ ನಕ್ಷೆ ಪುಸ್ತಕದಲ್ಲಿದೆ, ಸರಿ. ನಿಮ್ಮ ಮೇಜಿನ ಮೇಲೆ ಅದು ಹಾಗೆಯೇ ಇರುತ್ತದೆ ಎಂಬ ಭರವಸೆ ಇಲ್ಲ. ಕರಾವಳಿಯ ಜೂನ್ ತಿಂಗಳನ್ನು ನೆನೆಯಿರಿ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. 130 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ ಹದಮಾಡಿದ ಫ್ಲೋರಿಸಿಲ್ ಅಥವಾ ಸಿಲಿಕಾ, ಡಬ್ಬಿಯ ಮುಚ್ಚಳ ತೆರೆದಷ್ಟು ಸಲವೂ ತೇವ ಕುಡಿಯುತ್ತದೆ. ಇನ್ನೊಂದು ಅಧಿಶೋಷಕವಾದ ಅಲ್ಯೂಮಿನಾಗೆ ಶೇ. 6ರಷ್ಟು ನೀರು ಸೇರಿದರೆ ಅದರ ಹಿಡಿತ ಒಂದನೆಯ ದರ್ಜೆಯಿಂದ ಮೂರನೆಯ ದರ್ಜೆಗೆ ಇಳಿಯುತ್ತದೆ. ತೇವ ಕುಡಿದ ಅಧಿಶೋಷಕದ ಹಿಡಿತ ಸಡಿಲವಾಗಿ ಎಲ್ಲವೂ ಬೇಗ ಇಳಿಯುತ್ತವೆ, ಭಾಗಗಳ ಗಡಿ ಸರಿಯುತ್ತದೆ. ಈಥರ್ ಬಾಟಲಿ ಬದಲಾದರೂ ಗಡಿ ಸರಿಯಬಹುದು. ಮೇಲಿನ ಫ್ಲೋರಿಸಿಲ್ ಕ್ರಮ ಶೇ. 2 ಎಥನಾಲ್ ಸೇರಿಸಿದ ಈಥರನ್ನು ಲೆಕ್ಕಕ್ಕೆ ಹಿಡಿದಿದೆ. ಎಥನಾಲ್ ಇಲ್ಲದ, ಬೇರೆ ಸಂರಕ್ಷಕ ಹಾಕಿದ ಬಾಟಲಿ ತಂದರೆ ಅದೇ ಶೇ. 15ರ ಮಿಶ್ರಣ ಅದೇ ಬಲದಿಂದ ಇಳಿಸುವುದಿಲ್ಲ.

ಆದ್ದರಿಂದ ನಿಮ್ಮದೇ ನಕ್ಷೆ ಬರೆಯಿರಿ. ಸ್ಟ್ಯಾಂಡರ್ಡ್ ಮಿಶ್ರಣವನ್ನು ಕಾಲಮ್ಮಿಗೆ ಹಾಕಿ, 600 ಮಿಲಿಲೀಟರನ್ನು 25ರಂತೆ 24 ತುಂಡು ಮಾಡಿ ಹಿಡಿಯಿರಿ. ಪ್ರತಿಯೊಂದನ್ನೂ ಒಂದು ಮಿಲಿಲೀಟರಿಗೆ ಇಳಿಸಿ ಜಿಸಿ-ಇಸಿಡಿಗೆ ಹಾಕಿ. ಒಂದು ಓಟಕ್ಕೆ ಅರ್ಧ ಗಂಟೆ ಹಿಡಿದರೂ ಹನ್ನೆರಡು ಗಂಟೆ. ಆಟೋಸ್ಯಾಂಪ್ಲರ್ ಇದ್ದರೆ ರಾತ್ರಿ ಬಿಟ್ಟು ಹೋದರೆ ಬೆಳಿಗ್ಗೆ ಸಿದ್ಧ. ಕೈಯಿಂದ ಚುಚ್ಚುವವರಿಗೆ ಎರಡು ದಿನ. ಸಮಯ ಉಳಿಸಲು ಒಂದು ಉಪಾಯವಿದೆ. ಮೊದಲು ಅಕ್ಕಪಕ್ಕದ ನಾಲ್ಕು ತುಂಡುಗಳಿಂದ ಚೂರುಚೂರು ತೆಗೆದು ಸೇರಿಸಿ ಆರು ಓಟ ಮಾಡಿ. ಗಡಿ ಎಲ್ಲಿ ಬೀಳುತ್ತದೆ ಎಂದು ಗೊತ್ತಾದ ಮೇಲೆ ಅಲ್ಲಿನ ತುಂಡುಗಳನ್ನು ಮಾತ್ರ ಒಂದೊಂದಾಗಿ ನೋಡಿ. ನೂರು ನ್ಯಾನೋಗ್ರಾಂ ಒಂದು ಮಿಲಿಲೀಟರಿನಲ್ಲಿದ್ದರೆ ಒಂದು ಮೈಕ್ರೋಲೀಟರ್ ಚುಚ್ಚಿದಾಗ ಒಳಗೆ ಹೋಗುವುದು ನೂರು ಪಿಕೋಗ್ರಾಂ. ಟಿಎಲ್‌ಸಿಗೆ ಏನೇನೂ ಅಲ್ಲದ ಈ ಪ್ರಮಾಣ ಇಸಿಡಿಗೆ ಧಾರಾಳವಾಗಿ ಕಾಣುತ್ತದೆ.

ಬರೀ ಹೆಕ್ಸೇನಿನಲ್ಲಿ ಕರಗಿಸಿದ ಸ್ಟ್ಯಾಂಡರ್ಡಿನ ನಕ್ಷೆಯಲ್ಲಿಯೇ ನಿಲ್ಲಬೇಡಿ. ನಿಜವಾದ ಮಣ್ಣಿನ ಸಾರದಲ್ಲಿರುವ ಕೊಳೆ ಅಧಿಶೋಷಕದ ಜಾಗವನ್ನು ತಾನೇ ಆಕ್ರಮಿಸಿಕೊಂಡು ನಮ್ಮ ಸಂಯುಕ್ತಗಳನ್ನು ಮುಂದಕ್ಕೆ ತಳ್ಳುತ್ತದೆ. ಕೀಟನಾಶಕ ಕಾಣದ ತೋಟದ ಮಣ್ಣಿನ ಸಾರಕ್ಕೆ ಸ್ಟ್ಯಾಂಡರ್ಡ್ ಬೆರೆಸಿ ಇನ್ನೊಮ್ಮೆ ಓಡಿಸಿ. ಎರಡು ನಕ್ಷೆಗಳ ನಡುವಿನ ಅಂತರವೇ ನೀವು ಭಾಗದ ಎರಡೂ ಅಂಚಿನಲ್ಲಿ ಬಿಡಬೇಕಾದ ಅವಕಾಶ.

ಇದರ ಕೊರತೆ ಸ್ಪಷ್ಟ. ಪ್ರತಿ ಮಾದರಿಗೂ ಇದನ್ನು ಮಾಡಲಾಗದು. ಹೊಸ ಡಬ್ಬಿ ಒಡೆದಾಗ, ದ್ರಾವಕದ ಬ್ರ್ಯಾಂಡ್ ಬದಲಾದಾಗ, ಮಳೆಗಾಲ ಹಿಡಿದಾಗ ಮಾಡಬೇಕು. ನಡುವೆ ಡಬ್ಬಿಯ ಹದ ಕೆಟ್ಟಿದೆಯೇ ಎಂಬುದನ್ನು ಅಗ್ಗವಾಗಿ ನೋಡಲು ಬಣ್ಣದ ಅಜೋ ಸಂಯುಕ್ತಗಳನ್ನು ಒಂದು ಪುಟ್ಟ ಕಾಲಮ್ಮಿನಲ್ಲಿ ಇಳಿಸಬಹುದು. ಅಲ್ಯೂಮಿನಾದ ದರ್ಜೆಯನ್ನು ಅಳೆಯುವ ಹಳೆಯ ಕ್ರಮವೇ ಅದು. ಬಣ್ಣ ಎಂದಿಗಿಂತ ಬೇಗ ಇಳಿದರೆ ಡಬ್ಬಿ ಒಲೆಗೆ ಹೋಗಬೇಕು. ಮಾದರಿಯ ಕಾಲಮ್ಮಿಗೇ ಬಣ್ಣ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾವು ತೆಗೆಯಬೇಕೆಂದಿರುವ ಕೊಳೆಗೆ ಇನ್ನೊಂದು ಕೊಳೆ ಸೇರಿಸಿದಂತೆ.

ಸರೊಗೇಟ್: ಅರ್ಧ ಸತ್ಯ ಹೇಳುವ ಸಾಕ್ಷಿ

ಮಣ್ಣಿನಿಂದ ಸಾರ ತೆಗೆಯುವ ಮೊದಲೇ, ಪರಿಸರದಲ್ಲಿ ಇಲ್ಲದ ಒಂದು ಸಂಯುಕ್ತವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ಕೊನೆಯಲ್ಲಿ ಎಷ್ಟು ಮರಳಿ ಸಿಕ್ಕಿತು ಎಂದು ನೋಡುವುದು ಸರೊಗೇಟ್ ಪದ್ಧತಿ. ಪ್ರತಿ ಮಾದರಿಗೂ ಅಂಕೆ ಸಿಗುತ್ತದೆ, ಮಾದರಿ ಖರ್ಚಾಗುವುದಿಲ್ಲ, ವರದಿಯಲ್ಲಿ ಬರೆಯಬಹುದು. ಮಾನ್ಯತೆ ಪಡೆದ ಪ್ರಯೋಗಾಲಯಗಳು ಇದಿಲ್ಲದೆ ನಡೆಯುವುದಿಲ್ಲ. ಒಂದೇ ಕೊರತೆಯೆಂದರೆ ಸುದ್ದಿ ತಡವಾಗಿ ಬರುತ್ತದೆ. ನಷ್ಟವಾದ ಮೇಲೆ ನಷ್ಟವಾಯಿತೆಂದು ಗೊತ್ತಾಗುತ್ತದೆ.

ಒಂದೇ ಎಂದೆ, ಅದು ಸರಿಯಲ್ಲ. ದೊಡ್ಡ ಕೊರತೆ ಬೇರೆ ಇದೆ. ಆರ್ಗನೋಕ್ಲೋರಿನ್ ಕೆಲಸದಲ್ಲಿ ಎಲ್ಲರೂ ಹಾಕುವ ಸರೊಗೇಟುಗಳು ಟೆಟ್ರಾಕ್ಲೋರೋ-ಮೆಟಾ-ಕ್ಸೈಲೀನ್ ಮತ್ತು ಡೆಕಾಕ್ಲೋರೋಬೈಫಿನೈಲ್. ಎರಡೂ ಧ್ರುವೀಯವಲ್ಲದವು, ಅಂದರೆ ಅಧಿಶೋಷಕಕ್ಕೆ ಅಷ್ಟಾಗಿ ಅಂಟದವು, ಫ್ಲೋರಿಸಿಲ್ಲಿನಿಂದ ಮೊದಲ ಭಾಗದಲ್ಲಿಯೇ ಇಳಿದು ಹೋಗುತ್ತವೆ. ಮೂರನೆಯ ಭಾಗವನ್ನು ನೀವು ಪೂರ್ತಿ ಚರಂಡಿಗೆ ಚೆಲ್ಲಿದರೂ ಇವೆರಡರ ಅಂಕೆ ಶೇ. 95 ಎಂದೇ ಬರುತ್ತದೆ. ನಮ್ಮ ವಿದ್ಯಾರ್ಥಿನಿಯ ಹತ್ತೂ ಮಾದರಿಗಳಲ್ಲಿ ಸರೊಗೇಟ್ ಚೊಕ್ಕಟವಾಗಿತ್ತು. ಅದಕ್ಕೇ ಅವಳಿಗೆ ಅನುಮಾನ ಬರಲಿಲ್ಲ.

ಹಾಗಾಗಿ ಸರೊಗೇಟ್ ಆರಿಸುವಾಗ ಅದು ನಿಮ್ಮ ಸಂಯುಕ್ತ ಇಳಿಯುವ ಭಾಗದಲ್ಲಿಯೇ ಇಳಿಯುತ್ತದೆಯೇ ಎಂದು ನಕ್ಷೆಯಲ್ಲಿ ನೋಡಿ ಆರಿಸಿ. ಜಿಸಿ-ಎಂಎಸ್ (ಅಣುವಿನ ತೂಕವನ್ನೂ ನೋಡುವ ಜಿಸಿ) ಇದ್ದವರಿಗೆ ದಾರಿ ಸುಲಭ. ಕಾರ್ಬನ್-13 ಗುರುತು ಹಾಕಿದ ಬೀಟಾ ಎಂಡೋಸಲ್ಫಾನ್ ಅಸಲಿನ ನೆರಳಿನಂತೆ ಕಾಲಮ್ಮಿನಲ್ಲಿ ನಡೆಯುತ್ತದೆ, ಡಿಟೆಕ್ಟರಿನಲ್ಲಿ ಮಾತ್ರ ತೂಕದಿಂದ ಬೇರೆಯಾಗಿ ಕಾಣುತ್ತದೆ. ಪಿಎಎಚ್ ಮಾಡುವವರಿಗೆ ಡ್ಯೂಟೀರಿಯಂ ಹಾಕಿದ ಫಿನಾಂಥ್ರೀನ್, ಕ್ರೈಸೀನ್, ಪೆರಿಲೀನ್ ಇದೇ ಕೆಲಸ ಮಾಡುತ್ತವೆ. ಬೆಲೆ ಹೆಚ್ಚು, ಒಪ್ಪಿದೆ. ಆದರೆ ಒಂದು ಮಾದರಿಗೆ ಬೇಕಾಗುವುದು ನ್ಯಾನೋಗ್ರಾಮುಗಳು. ಇಸಿಡಿ ಮಾತ್ರ ಇದ್ದವರಿಗೆ ಈ ಗುರುತು ಕಾಣುವುದಿಲ್ಲ. ಅವರು ಪ್ರತಿ ಕಂತಿನಲ್ಲಿ ಒಂದು ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಎಂಡೋಸಲ್ಫಾನ್ ಸಲ್ಫೇಟನ್ನೇ ಬೆರೆಸಿ, ಎರಡರ ವ್ಯತ್ಯಾಸ ನೋಡಬೇಕು.

ಸಲ್ಫೇಟ್ ಮಾಯವಾಗಲು ಕಾಲಮ್ಮಿನ ಭಾಗ ತಪ್ಪುವುದೊಂದೇ ಕಾರಣವಲ್ಲ. ಪಿಸಿಬಿಗಾಗಿ ಮಾಡುವ ಸಲ್ಫ್ಯೂರಿಕ್ ಆಮ್ಲ ಮತ್ತು ಪರ್ಮಾಂಗನೇಟಿನ ತೊಳೆತ ಎಂಡೋಸಲ್ಫಾನನ್ನೂ ಸಲ್ಫೇಟನ್ನೂ ನಾಶ ಮಾಡುತ್ತದೆ. ಕ್ಷಾರಗುಣದ ಅಲ್ಯೂಮಿನಾದಲ್ಲಿ ಎಂಡೋಸಲ್ಫಾನ್ ಒಡೆಯುತ್ತದೆ. ಇಂಥಲ್ಲಿ ಯಾವ ಭಾಗದಲ್ಲಿ ಹುಡುಕಿದರೂ ಸಿಗುವುದಿಲ್ಲ. ಎಲ್ಲ ಭಾಗಗಳನ್ನೂ ಕೂಡಿಸಿದರೂ ಹಾಕಿದ್ದು ಮರಳಿ ಬಾರದಿದ್ದರೆ ಮಾತ್ರ ಇದು ಗೊತ್ತಾಗುತ್ತದೆ.

ಯಾರಿಗೆ ಯಾವುದು

ಒಂದು ಸೆಮಿಸ್ಟರಿನ ಪ್ರಾಜೆಕ್ಟ್, ಹತ್ತು ಹದಿನೈದು ಮಾದರಿ, ಜಿಸಿ ಬೇರೆ ವಿಭಾಗದಲ್ಲಿದ್ದು ವಾರಕ್ಕೊಂದು ದಿನ ಸಿಗುವ ವಿದ್ಯಾರ್ಥಿಗೆ: ಕಣ್ಣು, ಟಿಎಲ್‌ಸಿ, ಅಯೋಡಿನ್ ಜಾಡಿ, ಜೊತೆಗೆ ಸಿಕ್ಕ ಒಂದು ದಿನದಲ್ಲಿ ಆರು ಓಟದ ಒರಟು ನಕ್ಷೆ. ಆ ಆರು ಓಟವನ್ನು ಮಾತ್ರ ಕೈಬಿಡಬೇಡಿ. ಮಾದರಿಯ ಸಂಖ್ಯೆ ಎರಡು ಕಡಿಮೆಯಾದರೂ ಅಡ್ಡಿಯಿಲ್ಲ.

ಪಿಎಚ್‌ಡಿ ಮಾಡುವವರು ಮೊದಲ ಮೂರು ತಿಂಗಳಲ್ಲಿಯೇ ಪೂರ್ತಿ 24 ತುಂಡಿನ ನಕ್ಷೆಯನ್ನು, ಶುದ್ಧ ದ್ರಾವಕದಲ್ಲಿ ಒಮ್ಮೆ, ಮಣ್ಣಿನ ಸಾರದಲ್ಲಿ ಒಮ್ಮೆ ಬರೆದಿಟ್ಟುಕೊಳ್ಳಲಿ. ಅದು ಮಹಾಪ್ರಬಂಧದ ಒಂದು ಅಧ್ಯಾಯಕ್ಕೆ ಆಧಾರವಾಗುತ್ತದೆ. ಪಿಎಎಚ್ ವಿಷಯವಾದರೆ ಯುವಿ ದೀಪ ಸೇರಿಸಿ.

ಹಣ ಪಡೆದು ವರದಿ ಕೊಡುವ ಪ್ರಯೋಗಾಲಯಗಳಿಗೆ ಸರೊಗೇಟ್ ಕಡ್ಡಾಯ. ಆದರೆ ಎರಡು ಬೇರೆ ಬೇರೆ ಭಾಗಗಳಲ್ಲಿ ಇಳಿಯುವ ಎರಡು ಸರೊಗೇಟ್ ಇರಲಿ, ಒಂದೇ ಭಾಗದಲ್ಲಿ ಇಳಿಯುವ ಎರಡಲ್ಲ. ಸಿದ್ಧ ಫ್ಲೋರಿಸಿಲ್ ಕಾರ್ಟ್ರಿಜ್ ಬಳಸುವವರು ತಯಾರಕರ ಪ್ರತಿ ಹೊಸ ಕಂತಿಗೆ, ಕೊಳೆಯ ಪ್ರತಿನಿಧಿಯಾಗಿ 2,4,5-ಟ್ರೈಕ್ಲೋರೋಫಿನಾಲನ್ನು ಕೀಟನಾಶಕಗಳ ಜೊತೆ ಇಳಿಸುವ ಪರೀಕ್ಷೆ ಮಾಡಬೇಕು. ಅದು ಶೇ. 5ಕ್ಕಿಂತ ಕಡಿಮೆ ಹೊರಬರಬೇಕು, ಕೀಟನಾಶಕಗಳು ಶೇ. 80ರಿಂದ 110ರವರೆಗೆ ಮರಳಬೇಕು. ಕೊಳೆ ನಿಲ್ಲುತ್ತದೆಯೇ, ಬೇಕಾದದ್ದು ದಾಟುತ್ತದೆಯೇ ಎಂಬ ಎರಡನ್ನೂ ಒಂದೇ ಓಟದಲ್ಲಿ ಕೇಳುವ ಜಾಣ ಪರೀಕ್ಷೆ ಇದು. ಕೊಬ್ಬಿನ ಮಾದರಿಗಳೇ ಹೆಚ್ಚಾಗಿದ್ದು ದಿನವೂ ಬರುತ್ತಿದ್ದರೆ ಮಾತ್ರ ಜಿಪಿಸಿ ಮತ್ತು ಯುವಿ ಡಿಟೆಕ್ಟರಿಗೆ ಹಣ ಹಾಕಿ.

ಜನರ ಆರೋಗ್ಯದ, ಪರಿಹಾರದ, ಮೊಕದ್ದಮೆಯ ವಿಚಾರಕ್ಕೆ ಮಣ್ಣು ನೋಡುವವರು ಯಾವ ಖರ್ಚನ್ನೂ ಉಳಿಸಬಾರದು. ‘ಪತ್ತೆಯಾಗಿಲ್ಲ’ ಎಂದು ಬರೆಯುವ ಪ್ರತಿ ಸಾಲಿನ ಹಿಂದೆ, ಆ ಸಂಯುಕ್ತವನ್ನು ಅದೇ ಮಣ್ಣಿಗೆ ಬೆರೆಸಿದಾಗ ಅದೇ ಕಾಲಮ್ಮಿನಿಂದ ಎಷ್ಟು ಮರಳಿತು ಎಂಬ ಅಂಕೆ ಇರಬೇಕು. ತೋಟದ ಪಕ್ಕದಲ್ಲಿ ಬದುಕುವವರಿಗೆ ಆ ಒಂದು ಪದದ ಭಾರ ನಮಗಿಂತ ಚೆನ್ನಾಗಿ ಗೊತ್ತು.

ಬಜೆಟ್ ಎಷ್ಟೇ ಇರಲಿ, ಬಿಡಬೇಕೆಂದಿರುವ ಭಾಗಗಳನ್ನು ಆ ದಿನವೇ ಚೆಲ್ಲಬೇಡಿ. ಮಾದರಿಯ ಸಂಖ್ಯೆ, ಭಾಗದ ಸಂಖ್ಯೆ, ದಿನಾಂಕ ಬರೆದ ಚೀಟಿ ಅಂಟಿಸಿ, ಮುಚ್ಚಳ ಬಿಗಿದು, ಫಲಿತಾಂಶವನ್ನು ಇನ್ನೊಬ್ಬರು ನೋಡಿ ಸಹಿ ಹಾಕುವವರೆಗೆ ತಣ್ಣಗೆ, ಕತ್ತಲೆಯಲ್ಲಿ ಇಡಿ. ದ್ರಾವಕದ ಬಾಟಲಿಗಳಿಗೆಂದೇ ಇರುವ, ಒಳಗೆ ಕಿಡಿ ಹಾರದ ಫ್ರಿಜ್ಜನ್ನೇ ಬಳಸಿ. ಮನೆಬಳಕೆಯ ಫ್ರಿಜ್ಜಿನಲ್ಲಿ ಈಥರ್ ಇಡಬಾರದು.